ಹೆಗಲು ಹಿಡಿದು ಎತ್ತಿ ನೋಡಿ: ನೀರಿನ ಹತ್ತಿರ ಹೋಗುವ ಮಕ್ಕಳ ಲೈಫ್ ಜಾಕೆಟ್‌ಗೆ 15 ಸೂತ್ರಗಳು

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಡಿಸೆಂಬರ್ ರಜೆ. ಕರಾವಳಿಯ ಒಂದು ಜೆಟ್ಟಿಯಲ್ಲಿ, ಎದುರಿನ ದ್ವೀಪಕ್ಕೆ ಹೋಗುವ ದೋಣಿಗಾಗಿ ಸಾಲಿನಲ್ಲಿ ನಿಂತಿದ್ದೆವು. ದೋಣಿಯ ಹುಡುಗ ಮೂಲೆಯ ರಾಶಿಯಿಂದ ಕಿತ್ತಳೆ ಬಣ್ಣದ ಜಾಕೆಟ್‌ಗಳನ್ನು ಒಂದೊಂದಾಗಿ ಎಳೆದು ಎಲ್ಲರಿಗೂ ಕೊಡುತ್ತಿದ್ದ. ನನಗೆ ಕೊಟ್ಟದ್ದನ್ನೇ ಮಗಳಿಗೂ ಕೊಟ್ಟ. ಅದು ಅವಳ ಮೊಣಕಾಲಿನವರೆಗೆ ಇಳಿಯಿತು. ನಾನು ಪಟ್ಟಿಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದೆ, ಫೋಟೊ ತೆಗೆದೆ, ಕರ್ತವ್ಯ ಮುಗಿಯಿತು ಅಂದುಕೊಂಡೆ.

ಅಲ್ಲೇ ಬಲೆ ಹೆಣೆಯುತ್ತ ಕೂತಿದ್ದ ವಯಸ್ಸಾದ ಮೀನುಗಾರರೊಬ್ಬರು ಎದ್ದು ಬಂದರು. ಏನೂ ಹೇಳದೆ ಜಾಕೆಟ್ಟನ್ನು ಎರಡೂ ಹೆಗಲ ಬಳಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದರು. ಜಾಕೆಟ್ ಮೇಲೆ ಬಂತು, ಮಗಳು ನೆಲದ ಮೇಲೇ ನಿಂತಿದ್ದಳು. ಗಲ್ಲ, ಬಾಯಿ, ಮೂಗು ಒಂದೊಂದಾಗಿ ಒಳಗೆ ಮುಚ್ಚಿಹೋಗಿ ಕಣ್ಣುಗಳಷ್ಟೇ ಹೊರಗೆ ಉಳಿದವು. "ನೀರಿಗೆ ಬಿದ್ರೆ ಹೀಗೇ ಆಗೂದು ಮಾರ್ರೆ. ಜಾಕೆಟ್ ತೇಲ್ತದೆ, ಮಗು ತೇಲೂದಿಲ್ಲ" ಎಂದರು.

ಆ ದಿನ ನಾವು ದೋಣಿ ಹತ್ತಲಿಲ್ಲ. ಅಂದಿನಿಂದ ಓದಿ, ಬಲ್ಲವರನ್ನು ಕೇಳಿ, ಕೊಂಡು, ಬಳಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಹಾಗಾಗಿ ಈ ಲೇಖನದಲ್ಲಿ ಯಶಸ್ಸು ಎಂದರೆ ಒಂದೇ: ಎಷ್ಟು ಮಕ್ಕಳನ್ನು ಕರೆದುಕೊಂಡು ಹೋದಿರೋ ಅಷ್ಟೂ ಮಕ್ಕಳನ್ನು ಮನೆಗೆ ಕರೆತರುವುದು.

1. ವಯಸ್ಸು ಮರೆಯಿರಿ, ತೂಕ ನೋಡಿ

ಅಂಗಡಿಗೆ ಹೋಗಿ "ಐದು ವರ್ಷದ ಮಗುವಿಗೆ ಒಂದು ಕೊಡಿ" ಎಂದು ಕೇಳಬೇಡಿ. ಐದು ವರ್ಷದ ಒಂದು ಮಗು 14 ಕೆ.ಜಿ. ಇದ್ದರೆ ಇನ್ನೊಂದು 22 ಕೆ.ಜಿ. ಇರುತ್ತದೆ. ಒಳ್ಳೆಯ ಜಾಕೆಟ್‌ನ ಒಳಭಾಗದಲ್ಲಿ ಹೊಲಿದ ಚೀಟಿಯ ಮೇಲೆ ಅದು ಎಷ್ಟು ಕೆ.ಜಿ.ಯಿಂದ ಎಷ್ಟು ಕೆ.ಜಿ.ವರೆಗೆ ಎಂದು ಬರೆದಿರುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿದ ಜಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಮೂರು ಅಳತೆಗಳಿವೆ. ಕೂಸುಗಳಿಗೆ ಸುಮಾರು 4ರಿಂದ 13 ಕೆ.ಜಿ., ಚಿಕ್ಕ ಮಕ್ಕಳಿಗೆ 13ರಿಂದ 23 ಕೆ.ಜಿ., ದೊಡ್ಡ ಮಕ್ಕಳಿಗೆ 23ರಿಂದ 41 ಕೆ.ಜಿ. ಬೇರೆ ದೇಶದ ತಯಾರಕರು ಬೇರೆ ರೀತಿ ವಿಂಗಡಿಸುತ್ತಾರೆ, ಆದರೆ ಲೆಕ್ಕ ಹಿಡಿಯುವುದು ತೂಕದಿಂದಲೇ. ತೂಕದ ಜೊತೆ ಎದೆಯ ಸುತ್ತಳತೆಯನ್ನೂ ಬರೆದಿದ್ದರೆ ಎರಡೂ ಹೊಂದಬೇಕು.

ನಮ್ಮಲ್ಲೊಂದು ಹಳೇ ಅಭ್ಯಾಸವಿದೆ. ಯೂನಿಫಾರ್ಮ್ ಇರಲಿ, ಚಪ್ಪಲಿ ಇರಲಿ, "ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ, ಮುಂದಿನ ವರ್ಷಕ್ಕೂ ಆಗುತ್ತೆ" ಅನ್ನುತ್ತೇವೆ. ಮನೆ ನಡೆಸುವವರ ಈ ಜಾಣತನ ಎಲ್ಲ ಕಡೆಯೂ ಸರಿ, ಇಲ್ಲಿ ಮಾತ್ರ ಬೇಡ. ಮುಂದಿನ ವರ್ಷಕ್ಕೆ ಆಗುವ ಜಾಕೆಟ್ ಈ ವರ್ಷ ಮಗುವಿನ ಮುಖ ಮುಚ್ಚುತ್ತದೆ.

2. ಹೆಗಲು ಹಿಡಿದು ಎತ್ತಿ

ಇದು ಆ ಮೀನುಗಾರರು ಮಾಡಿ ತೋರಿಸಿದ ಪರೀಕ್ಷೆ. ದೋಣಿ ಸುರಕ್ಷತೆ ಕಲಿಸುವವರೂ ಇದನ್ನೇ ಕಲಿಸುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಮೊದಲು ಜಿಪ್ ಏರಿಸಿ, ಬಕಲ್‌ಗಳನ್ನೆಲ್ಲ ಹಾಕಿ. ಆಮೇಲೆ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಗಿ ಮಾಡಿ. ಸೊಂಟದ ಪಟ್ಟಿ ಮೊದಲು, ಎದೆಯದು ನಂತರ. ಮಗುವಿಗೆ ಎರಡೂ ಕೈ ಮೇಲೆತ್ತಲು ಹೇಳಿ. ಈಗ ಜಾಕೆಟ್ಟನ್ನು ಹೆಗಲ ಬಳಿ ಹಿಡಿದು ಮೇಲಕ್ಕೆಳೆಯಿರಿ.

ಗಲ್ಲ ಮತ್ತು ಕಿವಿ ಜಾಕೆಟ್‌ನೊಳಗೆ ಜಾರಿದರೆ ಅದು ದೊಡ್ಡದಾಯಿತು. ಹೆಗಲಿಗೂ ಜಾಕೆಟ್‌ಗೂ ನಡುವೆ ಮೂರು ಬೆರಳಿಗಿಂತ ಹೆಚ್ಚು ಜಾಗ ಬಿಟ್ಟರೂ ದೊಡ್ಡದೇ. ಎಳೆದಾಗ ಜಾಕೆಟ್‌ನ ಜೊತೆ ಮಗುವೂ ಮೇಲೇಳಬೇಕು, ಹಿಮ್ಮಡಿ ನೆಲ ಬಿಡಬೇಕು. ಉಸಿರೆಳೆಯಲು ಕಷ್ಟವಾದರೆ, ಬಕಲ್ ಕೂಡದಿದ್ದರೆ ಅದು ಚಿಕ್ಕದು. ಮಗುವನ್ನು ಒಮ್ಮೆ ನೆಲದ ಮೇಲೆ ಕೂರಿಸಿಯೂ ನೋಡಿ. ನಿಂತಾಗ ಸರಿಯಿದ್ದ ಜಾಕೆಟ್ ಕೂತಾಗ ಮೇಲೆ ಸರಿದು ಕುತ್ತಿಗೆಗೆ ಒತ್ತುವುದುಂಟು, ಮತ್ತು ದೋಣಿಯಲ್ಲಿ ಮಗು ಕೂತೇ ಇರುತ್ತದೆ.

ಇಷ್ಟಕ್ಕೆಲ್ಲ ಅರ್ಧ ನಿಮಿಷ ಸಾಕು. ಈ ಲೇಖನದಲ್ಲಿ ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳುತ್ತೀರಿ ಅನ್ನುವುದಾದರೆ ಇದನ್ನೇ ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

3. ಚೀಟಿಯ ಮೇಲಿನ 'ನ್ಯೂಟನ್' ಓದಿ

ಜಾಕೆಟ್ ಎಷ್ಟು ಎತ್ತಿಹಿಡಿಯುತ್ತದೆ ಎಂಬುದನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. 10 ನ್ಯೂಟನ್ ಎಂದರೆ ಹೆಚ್ಚುಕಡಿಮೆ 1 ಕೆ.ಜಿ. ಭಾರ ಎತ್ತುವ ಶಕ್ತಿ. ಐಎಸ್‌ಒ 12402 ಎಂಬ ಅಂತಾರಾಷ್ಟ್ರೀಯ ಮಾನದಂಡದಲ್ಲಿ 50, 100, 150, 275 ಎಂದು ನಾಲ್ಕು ಮಟ್ಟಗಳಿವೆ. 50 ಅನ್ನುವುದು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ, ನೆರವು ಪಕ್ಕದಲ್ಲೇ ಇರುವಾಗ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುತ್ತದೆಂದು ನಂಬುವಂತಿಲ್ಲ. 100 ಕೆರೆ, ಹಿನ್ನೀರಿನಂಥ ಶಾಂತ ನೀರಿಗೆ. 150 ತೆರೆದ ಸಮುದ್ರಕ್ಕೆ. 275 ದೂರದ ಕಡಲಿನಲ್ಲಿ ಭಾರದ ಉಡುಪು ತೊಟ್ಟು ದುಡಿಯುವವರಿಗೆ.

ಈಜು ಬಾರದ ಮಗುವಿಗೆ 100ಕ್ಕಿಂತ ಕಡಿಮೆ ಮಟ್ಟದ್ದು ಕೊಳ್ಳಬೇಡಿ. ಮಕ್ಕಳ 100ರ ಜಾಕೆಟ್‌ನ ಚೀಟಿಯಲ್ಲಿ ನ್ಯೂಟನ್ ಕಡಿಮೆ ಕಂಡರೆ ಗಾಬರಿ ಬೇಡ. ಆ ಸಂಖ್ಯೆ ದೊಡ್ಡವರ ಅಳತೆಯದು, ಮಗುವಿನ ತೂಕಕ್ಕೆ ತಕ್ಕಂತೆ ಅದು ಇಳಿಯುತ್ತದೆ. ನೀರಿನಲ್ಲಿ ನಮ್ಮ ದೇಹದ ಭಾರ ಬಹುಪಾಲು ನೀರೇ ಹೊರುತ್ತದೆ. ದೊಡ್ಡವರ ತಲೆ ನೀರಿನ ಮೇಲಿರಲು 3ರಿಂದ 5 ಕೆ.ಜಿ.ಯಷ್ಟು ಹೆಚ್ಚುವರಿ ಆಸರೆ ಸಾಕಾಗುತ್ತದೆ.

ನಮ್ಮ ದೇಶದಲ್ಲಿ ಮಾರುವ ಒಳ್ಳೆಯ ಜಾಕೆಟ್‌ಗಳ ಮೇಲೆ ಐಆರ್‌ಎಸ್ (ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್) ಅಥವಾ ಡಿ.ಜಿ. ಶಿಪ್ಪಿಂಗ್ ಮಾನ್ಯತೆಯ ಗುರುತು ಇರುತ್ತದೆ. ಚೀಟಿಯೇ ಇಲ್ಲದ, ತೂಕವೂ ಬರೆಯದ, ಮಾನ್ಯತೆಯೂ ಇಲ್ಲದ ಜಾಕೆಟ್ ಆನ್‌ಲೈನ್‌ನಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದು ಆಟದ ಸಾಮಾನು.

4. ಚಿಕ್ಕವರಿಗೆ ಮೂರು ಅಂಗಗಳು ಇರಲೇಬೇಕು

ಕಾಲಸಂದಿಯಲ್ಲಿ ಹಾಯುವ ಪಟ್ಟಿ, ಕುತ್ತಿಗೆಯ ಹಿಂದೆ ದಿಂಬಿನಂಥ ಕಾಲರ್, ಆ ಕಾಲರ್‌ನ ಮೇಲೊಂದು ಗಟ್ಟಿ ಹಿಡಿಕೆ.

ಇವು ಏಕೆ ಬೇಕು ಎಂದು ತಿಳಿಯಲು ಅಂಬೆಗಾಲಿಡುವ ಮಗುವನ್ನು ನೋಡಿ. ದೇಹಕ್ಕೆ ಹೋಲಿಸಿದರೆ ತಲೆಯೇ ದೊಡ್ಡದು. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ಅಂಥ ಮಗು ನೀರಿಗೆ ಬಿದ್ದರೆ ಮುಗ್ಗರಿಸಿ ಮುಖ ಕೆಳಗಾಗುತ್ತದೆ, ತಾನಾಗಿ ತಿರುಗಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮುಖ ಮೇಲಾಗುವಂತೆ ತಿರುಗಿಸಿ ತಲೆಗೆ ಆಸರೆ ಕೊಡುವುದು ಕಾಲರ್. ಜಾಕೆಟ್ ಮೇಲಕ್ಕೆ ಜಾರದಂತೆ ತಡೆಯುವುದು ಕಾಲಸಂದಿಯ ಪಟ್ಟಿ. ಚಿಕ್ಕ ಮಕ್ಕಳಿಗೆ ಸೊಂಟವೇ ಇಲ್ಲದ್ದರಿಂದ ಬೇರೆ ಯಾವುದೂ ಅದನ್ನು ಹಿಡಿದಿಡುವುದಿಲ್ಲ. ದೋಣಿಯ ಅಂಚಿನಿಂದ ಬಾಗಿ ಒಂದೇ ಕೈಯಲ್ಲಿ ಎತ್ತಲು ಹಿಡಿಕೆ. ಒದ್ದೆಯಾದ ಮಗು ಎಷ್ಟು ಜಾರುತ್ತದೆಂದು ಸ್ನಾನ ಮಾಡಿಸಿದ ಯಾರಿಗಾದರೂ ಗೊತ್ತು.

8 ಕೆ.ಜಿ.ಗಿಂತ ಕಡಿಮೆ ತೂಕದ ಹಸುಗೂಸನ್ನು ವಿಹಾರಕ್ಕೆಂದು ದೋಣಿ ಹತ್ತಿಸಲೇಬೇಡಿ. ಅಷ್ಟು ಸಣ್ಣ ಮೈಗೆ ಸರಿಹೊಂದುವ ಜಾಕೆಟ್ ಸಿಗುವುದೇ ಕಷ್ಟ. ಮಗುವನ್ನು ಎದೆಗೆ ಕಟ್ಟಿಕೊಂಡು ಅದರ ಮೇಲೆ ನಿಮ್ಮ ಜಾಕೆಟ್ ಹಾಕಿಕೊಳ್ಳುವುದಂತೂ ಪ್ರಾಣಾಪಾಯ, ನಿಮ್ಮಿಬ್ಬರಿಗೂ.

5. ಗಾಳಿಯನ್ನು ನಂಬಬೇಡಿ

ತೋಳಿಗೆ ಹಾಕುವ ಗಾಳಿ ಪಟ್ಟಿ, ಬಾತುಕೋಳಿ ಆಕಾರದ ರಿಂಗು, ಲಾರಿ ಟ್ಯೂಬು, ತೇಲುವ ಹಾಸಿಗೆ. ಇವ್ಯಾವುವೂ ಪ್ರಾಣ ಉಳಿಸುವ ಸಾಧನಗಳಲ್ಲ. ಒಂದು ಸಣ್ಣ ತೂತು, ಸರಿಯಾಗಿ ಒತ್ತದ ಒಂದು ಮುಚ್ಚಳ ಸಾಕು. ಇನ್ನೂ ಕೆಟ್ಟದ್ದೆಂದರೆ ಮಗು ರಿಂಗಿನೊಳಗಿಂದ ಜಾರಿ ತಲೆಕೆಳಗಾಗಬಹುದು. ನೀರಿಗೆ ಬಿದ್ದೊಡನೆ ಉಬ್ಬುವ ದುಬಾರಿ ಜಾಕೆಟ್‌ಗಳಿಗೂ ಅಮೆರಿಕದಲ್ಲಿ 16 ವರ್ಷದೊಳಗಿನವರಿಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಒಳಗೆ ಗಟ್ಟಿ ಫೋಮ್ ಇರುವ ಜಾಕೆಟ್ಟೇ ಸರಿ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಬೆಂಡು ಕಟ್ಟುತ್ತಿದ್ದರು, ಇಲ್ಲವೇ ಒಣಗಿದ ಸೋರೆ ಬುರುಡೆ. ನನ್ನ ಅಜ್ಜ ನನಗೆ ಬೆಂಡು ಕಟ್ಟಿದಾಗ ಹಗ್ಗದ ಗಂಟನ್ನು ಮೂರು ಸಲ ಎಳೆದು ನೋಡಿದ್ದು, ಬೆರಳು ತೂರಿಸಿ ಬಿಗಿ ಪರೀಕ್ಷಿಸಿದ್ದು ಇಂದಿಗೂ ಪಕ್ಕೆಲುಬಿಗೆ ನೆನಪಿದೆ. ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ 1854ರಲ್ಲಿ ರೂಪಿಸಿದ ಜಾಕೆಟ್ಟೂ ಬೆಂಡಿನದೇ, ಬಟ್ಟೆಗೆ ಹೊಲಿದ ಬೆಂಡಿನ ತುಂಡುಗಳು. ಆಮೇಲೆ ಬೂರುಗದ ಜಾತಿಯ ಮರದ ಹತ್ತಿ ತುಂಬಿದ ಜಾಕೆಟ್ ಬಂತು, ಈಗ ಫೋಮ್. 1861ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ ಬಿರುಗಾಳಿಗೆ ಲೈಫ್‌ಬೋಟ್ ಮಗುಚಿತು. ಅದರಲ್ಲಿದ್ದ 13 ಜನರಲ್ಲಿ ಬದುಕಿ ದಡ ಸೇರಿದ್ದು ಹೆನ್ರಿ ಫ್ರೀಮನ್ ಒಬ್ಬರೇ. ಹೊಸ ಮಾದರಿಯ ಬೆಂಡಿನ ಜಾಕೆಟ್ ಅವರ ಮೈಮೇಲಿತ್ತು.

6. ನೀಲಿ ಬೇಡ

ಕಿತ್ತಳೆ, ಹಳದಿ, ಎದ್ದು ಕಾಣುವ ಕೆಂಪು. ನೀಲಿ, ಹಸಿರು, ಬೂದು ಬಣ್ಣಗಳು ನೀರಿನಲ್ಲಿ ಕರಗಿಹೋಗುತ್ತವೆ. ಈಜುಡುಗೆಗೂ ಇದೇ ಮಾತು. ಜಾಕೆಟ್‌ಗೊಂದು ಸೀಟಿ ಕಟ್ಟಿರಲಿ, ಅದನ್ನು ಊದುವುದನ್ನು ಮಗುವಿಗೆ ಕಲಿಸಿ.

7. ಕಟ್ಟುವುದು ದಡದಲ್ಲಿ, ಬಿಚ್ಚುವುದೂ ದಡದಲ್ಲಿ

"ದೋಣಿ ಮಗುಚಿದರೆ ಹಾಕಿಕೊಂಡರಾಯ್ತು, ಪಕ್ಕದಲ್ಲೇ ಇದೆಯಲ್ಲ" ಅನ್ನುವವರನ್ನು ಪ್ರತಿ ಜೆಟ್ಟಿಯಲ್ಲೂ ನೋಡಿದ್ದೇನೆ. ದೋಣಿ ಮಗುಚಲು ತೆಗೆದುಕೊಳ್ಳುವುದು ಕೆಲವೇ ಕ್ಷಣ. ಆ ಕ್ಷಣಗಳಲ್ಲಿ ನೀವು ಮಗುವನ್ನು ಹಿಡಿಯುತ್ತೀರೋ, ಸೀಟಿನ ಕೆಳಗಿನ ಜಾಕೆಟ್ ಹುಡುಕುತ್ತೀರೋ, ಮೂರು ಬಕಲ್ ಹಾಕುತ್ತೀರೋ?

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಕುಟುಂಬ ಸಮೇತ ದೇವರ ದರ್ಶನಕ್ಕೆ ಹೋದವರು, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡವರು. ದಡ ಕಾಣುವಷ್ಟು ಹತ್ತಿರದಲ್ಲಿತ್ತು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅದು ಊರ ನಡುವಿನ ಕೆರೆ. ದೋಣಿಯಲ್ಲಿ ಅಳತೆ ಮೀರಿದ ಜನರಿದ್ದರು, ಅನೇಕ ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ. ಈ ಎರಡೂ ಸುದ್ದಿಗಳನ್ನು ಓದಿದ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಜೆಟ್ಟಿಯ ನೆಲದ ಮೇಲೆ ಹಾಕಿ, ಬಿಗಿ ಮಾಡಿ, ಎತ್ತಿ ನೋಡಿ, ಆಮೇಲೆ ದೋಣಿಗೆ ಕಾಲಿಡಿ. ವಾಪಸು ಬಂದು ಎರಡೂ ಕಾಲು ನೆಲ ಮುಟ್ಟಿದ ಮೇಲೆ ಬಿಚ್ಚಿ. ಎಷ್ಟೋ ಅವಘಡಗಳಾಗುವುದು ಹತ್ತುವಾಗ, ಇಳಿಯುವಾಗ, ಜನ ಒಂದೇ ಬದಿಗೆ ನುಗ್ಗಿದಾಗ. ನಡುನೀರಿನಲ್ಲಿ "ಫೋಟೊಗೆ ಡ್ರೆಸ್ ಕಾಣಲ್ಲ, ಒಂದು ನಿಮಿಷ ಬಿಚ್ಚೋ ಪುಟ್ಟ" ಅನ್ನುವ ಮಾತು ಬೇಡವೇ ಬೇಡ. ರೇನ್‌ಕೋಟ್, ಸ್ವೆಟರ್ ಜಾಕೆಟ್‌ನ ಒಳಗಿರಬೇಕು, ಮೇಲಲ್ಲ. ಬೆನ್ನಚೀಲ ಹಾಕಿಕೊಂಡೇ ದೋಣಿ ಹತ್ತಬಾರದು.

8. ಬಾಡಿಗೆ ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ

ದೋಣಿಯವರು ಕೊಡುವ ಜಾಕೆಟ್ ಬಿಸಿಲಲ್ಲಿ ಬೆಂದು, ಉಪ್ಪಲ್ಲಿ ನೆಂದು, ಸಾವಿರ ಜನರ ಮೈ ಕಂಡಿರುತ್ತದೆ. ಅದರ ಮೇಲೆ ಕೂತಿರುತ್ತಾರೆ, ಮಲಗಿರುತ್ತಾರೆ. ಬಕಲ್ ಹಾಕಿ ಜೋರಾಗಿ ಎಳೆಯಿರಿ, ಬಿಚ್ಚಿಕೊಳ್ಳಬಾರದು. ಬಟ್ಟೆ ಉಗುರು ತಾಗಿದರೆ ಹರಿಯುವಷ್ಟು ಬಣ್ಣಗೆಟ್ಟಿದ್ದರೆ ಹಿಂದಕ್ಕೆ ಕೊಡಿ. ಫೋಮ್ ಹಿಸುಕಿ ನೋಡಿ. ಒತ್ತಿ ಬಿಟ್ಟೊಡನೆ ಮೊದಲಿನಂತಾಗಬೇಕು. ಪುಡಿಯಾಗುತ್ತಿದ್ದರೆ, ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ, ಎತ್ತಿದಾಗ ನೀರು ಹೀರಿದ ಭಾರ ಅನ್ನಿಸಿದರೆ ಅದರ ಆಯಸ್ಸು ಮುಗಿದಿದೆ.

ಮಲ್ಪೆಗೆ ಹೋಗಿ ಸೇಂಟ್ ಮೇರಿಸ್ ದ್ವೀಪ ನೋಡುವುದಿರಲಿ, ದಾಂಡೇಲಿಯ ಕಾಳಿ ನದಿ, ಶರಾವತಿಯ ಹಿನ್ನೀರು, ತಲಕಾಡು ಅಥವಾ ಹಂಪಿಯ ಹರಿಗೋಲು ಇರಲಿ, ಹಿಂದಿನ ದಿನವೇ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: "15 ಕೆ.ಜಿ. ಮಗುವಿಗೆ ಆಗುವ ಜಾಕೆಟ್ ಇದೆಯಾ?" ಬರೇ "ಜಾಕೆಟ್ ಇದೆಯಾ" ಎಂದು ಕೇಳಿದರೆ ಬರೇ "ಇದೆ ಸಾರ್" ಅನ್ನುವ ಉತ್ತರ ಬರುತ್ತದೆ. ಅಂತಾರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗುಗಳಲ್ಲಿ ಪ್ರಯಾಣಿಕರ ಸಂಖ್ಯೆಯ ಕನಿಷ್ಠ ಶೇ. 10ರಷ್ಟು ಮಕ್ಕಳ ಜಾಕೆಟ್ ಇರಲೇಬೇಕೆಂಬ ನಿಯಮವಿದೆ. ನಮ್ಮ ಒಳನಾಡು ದೋಣಿಗಳೂ ಜೀವರಕ್ಷಕ ಸಾಧನಗಳನ್ನು ಇಟ್ಟುಕೊಂಡಿರಬೇಕೆಂದು 2021ರ ಒಳನಾಡು ಹಡಗುಗಳ ಕಾಯ್ದೆ ಹೇಳುತ್ತದೆ. ಕೇಳುವುದು ಉಪಕಾರವಲ್ಲ, ನಿಮ್ಮ ಹಕ್ಕು. ಪ್ರತಿ ಪ್ರವಾಸಿಯೂ ಕೇಳತೊಡಗಿದರೆ ಮುಂದಿನ ಋತುವಿಗೆ ಅವರೇ ತಂದಿಡುತ್ತಾರೆ.

ವರ್ಷಕ್ಕೆ ಎರಡು ಸಲ ನೀರಿನ ಕಡೆ ಹೋಗುವ ಮನೆಯವರು ಮಗುವಿಗೆ ಸ್ವಂತ ಜಾಕೆಟ್ ಕೊಳ್ಳುವುದೇ ಒಳ್ಳೆಯದು. ಕಾರಿನ ಡಿಕ್ಕಿಯಲ್ಲಿ ಕ್ರಿಕೆಟ್ ಬ್ಯಾಟಿಗೆ ಜಾಗವಿದ್ದರೆ ಇದಕ್ಕೂ ಇರುತ್ತದೆ.

9. ಮೊದಲು ನೀವು ಹಾಕಿಕೊಳ್ಳಿ

ಅಮೆರಿಕದಲ್ಲಿ ದೋಣಿ ಅಪಘಾತಗಳಲ್ಲಿ ಮುಳುಗಿ ಸಾಯುವವರಲ್ಲಿ ವರ್ಷ ವರ್ಷವೂ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಜಾಕೆಟ್ ಹಾಕಿರುವುದಿಲ್ಲ. ಅವರಲ್ಲಿ ಬಹಳ ಮಂದಿ ದೊಡ್ಡವರು, ಈಜು ಬಲ್ಲವರೂ ಇದ್ದಾರೆ. ಮಗು ನೀರಿಗೆ ಬಿದ್ದರೆ ನೀವು ಧುಮುಕಿಯೇ ಧುಮುಕುತ್ತೀರಿ. ಆಗ ನಿಮ್ಮ ಮೈಮೇಲೆ ಏನಿರಬೇಕು ಎಂದು ಈಗಲೇ ಯೋಚಿಸಿ. ಸೀರೆ, ದುಪಟ್ಟಾ, ಪಂಚೆ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತವೆ. ದೋಣಿ ವಿಹಾರದ ದಿನ ಚೂಡಿದಾರವೋ ಪ್ಯಾಂಟೋ ಇರಲಿ.

10. ಮನೆಯಲ್ಲೇ ತಾಲೀಮು

ಜೆಟ್ಟಿಯಲ್ಲಿ ಮೊದಲ ಸಲ ಜಾಕೆಟ್ ಕಂಡ ಮಗು ಅಳುತ್ತದೆ, ಕಿತ್ತೆಸೆಯಲು ನೋಡುತ್ತದೆ. ನನ್ನ ಮಗಳಿಗೆ ಕೊಂಡ ಜಾಕೆಟ್ ಒಂದು ವಾರ ನಮ್ಮ ನಡುಮನೆಯಲ್ಲಿತ್ತು. ಅವಳು ಅದನ್ನು ಹಾಕಿಕೊಂಡೇ ಕಾರ್ಟೂನ್ ನೋಡಿದಳು, ಹಾಕಿಕೊಂಡೇ ಉಪ್ಪಿಟ್ಟು ತಿಂದಳು, ಕಾಲರ್‌ನ ಮೇಲೆ ಮಾರ್ಕರ್‌ನಿಂದ ಒಂದು ಮೀನು ಬರೆದಳು. ಬಕಲ್‌ನ 'ಟಕ್' ಸದ್ದು ಅವಳಿಗೆ ಆಟವಾಯಿತು.

ಆಮೇಲೆ ಈಜುಕೊಳದ ಆಳವಿಲ್ಲದ ಕಡೆ, ನನ್ನ ಎರಡೂ ಕೈ ಅವಳ ಬೆನ್ನ ಕೆಳಗೆ. ಅಂಗಾತ ಮಲಗಿ ಆಕಾಶ ನೋಡಲು ಹೇಳಿದೆ. ಮೊದಲು ಕತ್ತು ಬಿಗಿ ಹಿಡಿದಳು, ಕಾಲು ಬಡಿದಳು. ಐದನೆಯ ಸಲಕ್ಕೆ ಮೈ ಸಡಿಲಾಯಿತು. ಕೈ ತೆಗೆದೆ. ತೇಲಿದಳು. ಗಲ್ಲ ನೀರಿನಿಂದ ಮೇಲಿತ್ತು, ಉಸಿರು ಸರಾಗವಾಗಿತ್ತು. ಕೊಂಡ ಜಾಕೆಟ್ ಸರಿಯೋ ಅಲ್ಲವೋ ಎಂದು ತಿಳಿಯುವುದೂ ಇಲ್ಲೇ. ನಿಮ್ಮ ಮಗುವಿನ ಮುಖ ನೀರಿಗೆ ವಾಲುತ್ತಿದ್ದರೆ ಅಂಗಡಿಗೆ ಹಿಂತಿರುಗಿಸಿ. ಮಗುವಿಗೆ ಕಲಿಸಬೇಕಾದ್ದು ಮೂರೇ ಮಾತು: ಕೂಗಾಡಿ ದಣಿಯಬೇಡ, ಅಂಗಾತ ಮಲಗು, ಸೀಟಿ ಊದು. ಹರಿಯುವ ಹೊಳೆಯಾದರೆ ಇನ್ನೊಂದನ್ನು ಸೇರಿಸಿ: ಕಾಲು ನೀರು ಹರಿಯುವ ದಿಕ್ಕಿಗೆ ಚಾಚಿರಲಿ, ಎದ್ದು ನಿಲ್ಲಲು ಹೋಗಬೇಡ. ಬಂಡೆಗಳ ನಡುವೆ ಪಾದ ಸಿಕ್ಕಿಕೊಂಡರೆ ಮೊಣಕಾಲುದ್ದದ ನೀರೂ ಕೆಡವಿ ಮುಳುಗಿಸುತ್ತದೆ.

11. ಜಾಕೆಟ್ ಸಾಲದ ಜಾಗಗಳನ್ನು ಗುರುತಿಸಿ

ಜಲಪಾತದ ಬುಡದ ನೊರೆನೀರು ಅಂಥದ್ದೊಂದು. ಅಲ್ಲಿ ನೀರಿನ ಜೊತೆ ಗಾಳಿ ಬೆರೆತಿರುವುದರಿಂದ ನೀರಿಗೆ ನಮ್ಮನ್ನು ಎತ್ತಿಹಿಡಿಯುವ ಶಕ್ತಿಯೇ ಕಡಿಮೆ. ಜಾಕೆಟ್ ಹಾಕಿದವರನ್ನೂ ಅದು ಒಳಕ್ಕೆಳೆದು ತಿರುಗಿಸುತ್ತದೆ. ಅಲ್ಲಿಗೆ ಮಕ್ಕಳನ್ನು ಇಳಿಸಲೇಬೇಡಿ.

ಇನ್ನೊಂದು, ಮುಚ್ಚಿದ ಕ್ಯಾಬಿನ್ ಇರುವ ಎರಡಂತಸ್ತಿನ ದೋಣಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಇಂಥ ದೋಣಿ ಮಗುಚಿ 22 ಜನ ಸತ್ತರು, ಅನೇಕರು ಮಕ್ಕಳು. ದೋಣಿ ತಲೆಕೆಳಗಾದಾಗ ಒಳಗಿರುವವರನ್ನು ಜಾಕೆಟ್ ಮೇಲಕ್ಕೆತ್ತಿ ಒಳಗೋಡೆಗೆ ಒತ್ತಿಬಿಡುತ್ತದೆ, ಬಾಗಿಲು ಕೆಳಗಿರುತ್ತದೆ. ಹಾಗೆಂದು ಜಾಕೆಟ್ ಬಿಡುವುದು ಪರಿಹಾರವಲ್ಲ. ಮಕ್ಕಳೊಂದಿಗೆ ತೆರೆದ ಜಾಗದಲ್ಲಿ, ಹೊರಬರುವ ದಾರಿಯ ಪಕ್ಕದಲ್ಲಿ ಕೂರಿ.

ಜನ ಹೆಚ್ಚಾಗಿದ್ದರೆ ಇಳಿದುಬಿಡಿ. ಕತ್ತಲಾಗುತ್ತಿದ್ದರೆ ಹತ್ತಬೇಡಿ. ಮಳೆಗಾಲದಲ್ಲಿ ಕರಾವಳಿಯಲ್ಲಿ ವಿಹಾರದ ದೋಣಿಗಳನ್ನು ನಿಲ್ಲಿಸುವುದಕ್ಕೆ ಕಾರಣವಿದೆ. "ಸ್ವಲ್ಪ ಹೆಚ್ಚು ಕೊಡ್ತೇವೆ, ಕರ್ಕೊಂಡು ಹೋಗಿ" ಎಂದು ಒತ್ತಾಯಿಸುವ ಪ್ರವಾಸಿಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

12. ಒಂದು ತೋಳಿನ ದೂರ

ಜಾಕೆಟ್ ಇದ್ದರೂ ಚಿಕ್ಕ ಮಗು ನಿಮ್ಮ ಕೈಗೆಟುಕುವಷ್ಟು ಹತ್ತಿರ ಇರಬೇಕು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕಿರುತ್ತದೆ, ಉಸಿರಿಗೇ ಹೆಣಗಾಡುವಾಗ ಕೂಗಲು ಉಸಿರೆಲ್ಲಿ? ಒಂದು ನಿಮಿಷದೊಳಗೆ, ಸದ್ದಿಲ್ಲದೆ ಮುಗಿದುಹೋಗುತ್ತದೆ. ಹತ್ತು ಜನ ದೊಡ್ಡವರಿರುವ ಬಳಗದಲ್ಲಿ ಎಲ್ಲರೂ ನೋಡುತ್ತಿದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಲೆಕ್ಕ. ಹದಿನೈದು ನಿಮಿಷಕ್ಕೊಬ್ಬರು ಎಂದು ಹೆಸರು ಹಿಡಿದು ಪಾಳಿ ಹಾಕಿ. ಪಾಳಿಯಲ್ಲಿರುವವರ ಮೊಬೈಲ್ ಇನ್ನೊಬ್ಬರ ಕೈಯಲ್ಲಿರಲಿ.

13. ಕೃಷಿ ಹೊಂಡಕ್ಕೆ ಬೇಲಿ, ಹಗ್ಗ, ಕ್ಯಾನು

ಪ್ರವಾಸದ ಮಾತಾಯಿತು. ಹಳ್ಳಿಯ ಮಗುವಿಗೆ ಅಪಾಯ ಇರುವುದು ಮನೆಯ ಹಿಂದಿನ ಹೊಲದಲ್ಲೇ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಉದ್ದಕ್ಕೂ ಕೃಷಿ ಹೊಂಡಗಳಾದವು. ಒಣಭೂಮಿಯ ರೈತನಿಗೆ ಅವು ಆಸರೆಯಾದವು ಎಂಬುದು ನಿಜ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಬೆಣ್ಣೆಯಂತೆ ಜಾರುತ್ತದೆ. ಒಳಗೆ ಬಿದ್ದವರು, ಈಜು ಬಂದರೂ, ಹತ್ತಿ ಬರಲಾರರು. ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಹೋಗುವುದೂ ಇದರಿಂದಲೇ.

ಇಲ್ಲಿ ಮಗು ಜಾಕೆಟ್ ಹಾಕಿಕೊಂಡು ಬರುವುದಿಲ್ಲ. ಹಾಗಾಗಿ ಮೊದಲನೆಯದು ಬೇಲಿ, ಮಗು ತೂರಲಾಗದ ಜಾಲರಿ ಬೇಲಿ. ಎರಡನೆಯದು, ದಂಡೆಯ ಗಟ್ಟಿ ಗೂಟಗಳಿಗೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗ, ನಾಲ್ಕೂ ಬದಿಗೆ. ಹಳೇ ಟೈರುಗಳನ್ನು ಸರಪಳಿಯಂತೆ ಕಟ್ಟಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು, ಮೆಟ್ಟಿಲಾಗುತ್ತವೆ. ಮೂರನೆಯದು, ಮುಚ್ಚಳ ಬಿಗಿದ ಖಾಲಿ 20 ಲೀಟರ್ ಕ್ಯಾನು, ಅದಕ್ಕೊಂದು ಉದ್ದ ಹಗ್ಗ. ಅಂಥ ಕ್ಯಾನು ನೀರಿನಲ್ಲಿ 19 ಕೆ.ಜಿ.ಯಷ್ಟು ಎತ್ತಿಹಿಡಿಯುತ್ತದೆ. ಯಾರಾದರೂ ಬಿದ್ದರೆ ಧುಮುಕಬೇಡಿ. ಕ್ಯಾನು ಎಸೆಯಿರಿ, ಹಗ್ಗ ಎಳೆಯಿರಿ, ಕೂಗಿ ಜನ ಸೇರಿಸಿ.

14. ತೊಳೆದು ನೆರಳಲ್ಲಿ ಒಣಗಿಸಿ

ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ವಾಷಿಂಗ್ ಮಷೀನ್ ಬೇಡ, ಇಸ್ತ್ರಿ ಬೇಡ, ಸುಡುಬಿಸಿಲು ಬೇಡ. ಮಡಚಿ ಮೇಲೆ ಭಾರ ಹೇರಬೇಡಿ, ತೂಗುಹಾಕಿ. ಪ್ರತಿ ರಜೆಗೆ ಮೊದಲು ಮಗುವನ್ನು ತೂಗಿ, ಎತ್ತಿ ನೋಡಿ. ಹರಿದ ಜಾಕೆಟ್ಟನ್ನು ಮನೆಯಲ್ಲಿ ಹೊಲಿದು ಮತ್ತೆ ಬಳಸಬೇಡಿ. ಕತ್ತರಿಸಿ ಎಸೆಯಿರಿ, ಇನ್ನೊಬ್ಬರ ಮಗುವಿಗೆ ಅದು ಸಿಗಬಾರದು.

15. ನೀರಿನಿಂದ ಎತ್ತಿದ ಮೇಲೆ

ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸಬೇಡಿ. ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಮರಳುತ್ತದೆಂಬ ಸುಳ್ಳು ಸುದ್ದಿ ಮೊಬೈಲ್‌ಗಳಲ್ಲಿ ಹರಿದಾಡಿ, ನಮ್ಮ ರಾಜ್ಯದಲ್ಲೇ ಹೆತ್ತವರು ಅದನ್ನು ನಂಬಿ ಗಂಟೆಗಟ್ಟಲೆ ಕಾದು ಕೂತದ್ದುಂಟು. ಅವರ ಸಂಕಟವನ್ನು ನೆನೆದೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಲಿ. ಉಸಿರಾಟ ಇಲ್ಲದಿದ್ದರೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಿ. ಎದೆ ಏರುವುದು ಕಾಣಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಉಸಿರು, ಮತ್ತೆ 30. ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ನೆರವು ಬರುವವರೆಗೆ ನಿಲ್ಲಿಸಬೇಡಿ. ಮಗು ಕೆಮ್ಮಿ ಕಣ್ಣು ತೆರೆದು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಮೇಲು. ಒಂದು ಅರ್ಧ ದಿನದ ತರಬೇತಿ ಎಲ್ಲಿ ನಡೆದರೂ ಸೇರಿಕೊಳ್ಳಿ.

ಇನ್ನೊಂದು ಮಾತು ಇದೆ, ಇದು ಸೂತ್ರವಲ್ಲ, ಆಸೆ. ಅಮೆರಿಕದ ಅನೇಕ ಸರೋವರಗಳ ದಡದಲ್ಲಿ ಮರದ ಹಲಗೆಯೊಂದಕ್ಕೆ ಮೊಳೆ ಹೊಡೆದು ಬೇರೆ ಬೇರೆ ಅಳತೆಯ ಮಕ್ಕಳ ಜಾಕೆಟ್‌ಗಳನ್ನು ತೂಗುಹಾಕಿರುತ್ತಾರೆ. ಬಂದವರು ಪುಕ್ಕಟೆಯಾಗಿ ತೆಗೆದುಕೊಂಡು, ಬಳಸಿ, ಮತ್ತೆ ಅಲ್ಲೇ ತೂಗುಹಾಕಿ ಹೋಗುತ್ತಾರೆ. ನಮ್ಮ ಕೆರೆ ದಂಡೆಯ ಪಂಚಾಯಿತಿ, ತೆಪ್ಪೋತ್ಸವ ನಡೆಸುವ ದೇವಸ್ಥಾನದ ಸಮಿತಿ, ಹರಿಗೋಲು ನಿಲ್ಲುವ ಘಟ್ಟ, ಇಲ್ಲೆಲ್ಲ ಇದು ಆಗಬಹುದು. ಲೆಕ್ಕ ಹಾಕಿ ನೋಡಿದ್ದೇನೆ. 10ರಿಂದ 20 ಕೆ.ಜಿ.ಯ ಮಕ್ಕಳಿಗೆ ನಾಲ್ಕು, 20ರಿಂದ 30ಕ್ಕೆ ನಾಲ್ಕು, 30ರಿಂದ 40ಕ್ಕೆ ನಾಲ್ಕು ಜಾಕೆಟ್, ಒಂದು ತೂಕದ ಯಂತ್ರ, ನೆರಳಿರುವ ಒಂದು ಗೋಡೆ, ಹನ್ನೆರಡು ಮೊಳೆ, ದಾರದಲ್ಲಿ ಕಟ್ಟಿದ ಪೆನ್ನಿನ ಜೊತೆ ಒಂದು ನೋಟ್‌ಬುಕ್. ಗೋಡೆಯ ಮೇಲೆ ಹೆಗಲು ಹಿಡಿದು ಎತ್ತುವ ಒಂದು ಚಿತ್ರ ಬರೆಸಿದರೆ ಓದು ಬಾರದವರಿಗೂ ತಿಳಿಯುತ್ತದೆ. ನನ್ನ ಮಗಳಿಗೆ ಚಿಕ್ಕದಾದ, ಕಾಲರ್‌ನ ಮೇಲೆ ಮೀನಿನ ಚಿತ್ರವಿರುವ ಜಾಕೆಟ್ ಇನ್ನೂ ಗಟ್ಟಿಯಾಗಿದೆ. ಮೊದಲ ಮೊಳೆಗೆ ಅದನ್ನೇ ಕೊಡಲು ಎತ್ತಿಟ್ಟಿದ್ದೇವೆ.